ಬ್ರೇಕ್ ಒತ್ತಿದ ಮೇಲೂ ಗಾಡಿ ಓಡುತ್ತದೆ

‘ಮೇಡಂ, ಹುಡುಗನಿಗೆ ಗಾಡಿ ಓಡಿಸಲು ಬರುತ್ತದೆ. ನೀವು ಲೈಸೆನ್ಸ್ ಮಾಡಿಸಿಕೊಟ್ಟರೆ ಸಾಕು.’

ಪಿಯುಸಿ ಫಲಿತಾಂಶ ಬಂದ ಮರುವಾರದಿಂದ ಮೈಸೂರಿನ ನಮ್ಮ ಡ್ರೈವಿಂಗ್ ಶಾಲೆಗೆ ಬರುವ ಅಪ್ಪ ಅಮ್ಮಂದಿರಲ್ಲಿ ಹೆಚ್ಚಿನವರ ಮೊದಲ ಮಾತು ಇದೇ. (ಅದಕ್ಕೂ ಮೊದಲು ಕೆಲವರು ‘ಕಲಿಸುವ ಸಾರ್ ಇಲ್ಲವೇ?’ ಎಂದು ಒಳಗಡೆ ಇಣುಕುತ್ತಾರೆ. ಕಲಿಸುವವಳು ನಾನೇ.) ಗಾಡಿ ಓಡಿಸಲು ಬರುತ್ತದೆ ಎಂದರೆ ಅವರ ಲೆಕ್ಕದಲ್ಲಿ ಕ್ಲಚ್ ಬಿಡುವಾಗ ಎಂಜಿನ್ ಆಫ್ ಆಗುವುದಿಲ್ಲ, ಗೇರ್ ಕರಕರ ಎನ್ನುವುದಿಲ್ಲ, ಎಂಟು ಹಾಕುವಾಗ ಕಾಲು ನೆಲಕ್ಕೆ ತಾಗುವುದಿಲ್ಲ. ಒಪ್ಪಿದೆ. ಇವತ್ತಿನ ಮಕ್ಕಳಿಗೆ ಕೈಕಾಲು ಚುರುಕು, ಒಂದು ವಾರದಲ್ಲಿ ಇಷ್ಟನ್ನೂ ಕಲಿತುಬಿಡುತ್ತಾರೆ. ಅದರ ಬಗ್ಗೆ ಇಲ್ಲಿ ಬರೆಯುವುದಿಲ್ಲ.

ನಾನು ಹುಡುಗನನ್ನೇ ಒಂದು ಪ್ರಶ್ನೆ ಕೇಳುತ್ತೇನೆ. ನಲವತ್ತರಲ್ಲಿ ಹೋಗುತ್ತಿದ್ದೀಯ, ಎದುರಿಗೆ ಮಗುವೊಂದು ಅಡ್ಡ ಓಡಿ ಬಂತು. ನಿನ್ನ ಗಾಡಿ ಎಷ್ಟು ದೂರದಲ್ಲಿ ನಿಲ್ಲುತ್ತದೆ? ‘ತಕ್ಷಣ ನಿಲ್ಲುತ್ತದೆ ಮೇಡಂ, ಬ್ರೇಕ್ ಚೆನ್ನಾಗಿದೆ’ ಎನ್ನುವವರೇ ಹೆಚ್ಚು. ಸ್ವಲ್ಪ ಯೋಚಿಸುವವರು ನನ್ನ ಮೇಜಿನಿಂದ ಬಾಗಿಲಿನವರೆಗೆ ಕೈ ತೋರಿಸುತ್ತಾರೆ. ಅದು ನಾಲ್ಕು ಹೆಜ್ಜೆ.

ಸರಿಯಾದ ಉತ್ತರ ಸುಮಾರು ಇಪ್ಪತ್ತು ಮೀಟರ್. ಅದೂ ಒಣ ಡಾಂಬರು, ಸವೆಯದ ಟಯರ್, ಪೂರ್ತಿ ಎಚ್ಚರವಿರುವ ಚಾಲಕ ಎಂದು ಇಟ್ಟುಕೊಂಡರೆ. ಇಲ್ಲಿ ಎರಡು ದೂರಗಳನ್ನು ಕೂಡಿಸಬೇಕು. ಕಣ್ಣು ಮಗುವನ್ನು ಕಂಡು, ಮಿದುಳಿಗೆ ಅದು ತಿಳಿದು, ಕಾಲು ಬ್ರೇಕಿನ ಮೇಲೆ ಬೀಳುವ ಹೊತ್ತಿಗೆ ಹೆಚ್ಚುಕಡಿಮೆ ಒಂದು ಸೆಕೆಂಡು ಕಳೆದಿರುತ್ತದೆ. ನಲವತ್ತರ ವೇಗದಲ್ಲಿ ಆ ಒಂದು ಸೆಕೆಂಡಿನಲ್ಲಿ ಗಾಡಿ ಹನ್ನೊಂದು ಮೀಟರ್ ಹೋಗಿಬಿಟ್ಟಿದೆ. ಬ್ರೇಕ್ ಎಷ್ಟೇ ಹೊಸದಾಗಿದ್ದರೂ ಈ ಹನ್ನೊಂದು ಮೀಟರಿನಲ್ಲಿ ಅದಕ್ಕೆ ಕೆಲಸವೇ ಇಲ್ಲ, ಏಕೆಂದರೆ ಅದನ್ನು ಇನ್ನೂ ಯಾರೂ ಒತ್ತಿಲ್ಲ. ಒತ್ತಿದ ಮೇಲೆ ನಿಲ್ಲಲು ಇನ್ನೊಂದು ಒಂಬತ್ತು ಮೀಟರ್ ಬೇಕು.

ಅರವತ್ತಕ್ಕೆ ಎಷ್ಟು ಎಂದು ಕೇಳಿದರೆ ‘ಮೂವತ್ತು’ ಎನ್ನುತ್ತಾರೆ. ಎಲ್ಲರೂ ತಪ್ಪುವುದು ಇಲ್ಲಿಯೇ, ಆದ್ದರಿಂದ ನಿಧಾನವಾಗಿ ಹೇಳುತ್ತೇನೆ. ಮೊದಲನೆಯ ದೂರ ವೇಗಕ್ಕೆ ಸಮನಾಗಿ ಬೆಳೆಯುತ್ತದೆ. ಎರಡನೆಯದು ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. ವೇಗ ಎರಡು ಪಟ್ಟಾದರೆ ಬ್ರೇಕಿನ ದೂರ ನಾಲ್ಕು ಪಟ್ಟು. ಹಾಗಾಗಿ ಅರವತ್ತರಲ್ಲಿ ಮೊದಲ ಹದಿನೇಳು ಮೀಟರ್ ಗಮನಿಸುವುದರಲ್ಲೇ ಮುಗಿದು, ಬ್ರೇಕಿಗೆ ಇನ್ನೊಂದು ಇಪ್ಪತ್ತು ಬೇಕಾಗಿ, ಒಟ್ಟು ಮೂವತ್ತೇಳರ ಹತ್ತಿರ ಬರುತ್ತದೆ. ಎಂಬತ್ತರಲ್ಲಿ ಐವತ್ತೆಂಟು.

ಈಗ ಇದೇ ಲೆಕ್ಕವನ್ನು ಇನ್ನೊಂದು ಕಡೆಯಿಂದ ನೋಡಿ. ಮಗು ಇಪ್ಪತ್ತು ಮೀಟರ್ ಮುಂದಿದೆ. ನಲವತ್ತರಲ್ಲಿ ಬಂದವನು ಅದರ ಮುಂದೆ ನಿಂತ; ಎದೆ ಡವಗುಟ್ಟುತ್ತಿದೆ, ಆದರೆ ನಿಂತ. ಅರವತ್ತರಲ್ಲಿ ಬಂದವನು ಅದೇ ಜಾಗದಲ್ಲಿ ಎಷ್ಟು ವೇಗದಲ್ಲಿರುತ್ತಾನೆ? ‘ಹತ್ತು, ಹದಿನೈದು’ ಎಂದು ಬಹಳ ಜನ ಹೇಳುತ್ತಾರೆ. ಅಲ್ಲ, ಇನ್ನೂ ಐವತ್ತಕ್ಕೂ ಹೆಚ್ಚು. ಅವನು ಬ್ರೇಕ್ ಒತ್ತಿ ಮೂರು ಮೀಟರ್ ಆಗಿದೆ ಅಷ್ಟೇ. ಈ ಒಂದು ಮಾತನ್ನು ನಾನು ಪ್ರತಿ ತಂಡಕ್ಕೂ ಹೇಳುತ್ತೇನೆ, ಪ್ರತಿ ತಂಡವೂ ನನ್ನನ್ನು ನಂಬದ ಮುಖ ಮಾಡುತ್ತದೆ.

ಎಂಜಿನಿಯರಿಂಗ್ ಎರಡನೆಯ ವರ್ಷದ ಹುಡುಗನೊಬ್ಬನಿದ್ದ, ಒಳ್ಳೆಯ ಹುಡುಗ, ಈಗಲೂ ಹಬ್ಬಕ್ಕೆ ಫೋನ್ ಮಾಡುತ್ತಾನೆ. ಚಲನೆಯ ಸಮೀಕರಣಗಳನ್ನು ಸಿಇಟಿಗೆಂದು ಬಾಯಿಪಾಠ ಮಾಡಿದ್ದವನು. ನನ್ನ ರಸೀದಿ ಪುಸ್ತಕದ ಹಿಂಬದಿಯಲ್ಲಿ ಲೆಕ್ಕವನ್ನು ಅವನೇ ಮಾಡಿದ, ಉತ್ತರವೂ ಸರಿ ಬಂತು. ಪೆನ್ನು ಕೆಳಗಿಟ್ಟು, ‘ಆದರೆ ಇದು ಪರೀಕ್ಷೆಯ ಲೆಕ್ಕ, ನನ್ನ ಬೈಕ್ ಹಾಗಲ್ಲ ಮೇಡಂ’ ಎಂದ. ಏನು ಹೇಳಲಿ?

ಆದ್ದರಿಂದ ಕಾಗದದ ಮೇಲೆ ಹೇಳುವುದನ್ನು ಕಡಿಮೆ ಮಾಡಿದ್ದೇನೆ. ರಿಂಗ್ ರಸ್ತೆಯ ಆಚೆ ಇನ್ನೂ ಮನೆಗಳು ಏಳದ ಬಡಾವಣೆಗಳಿವೆ. ಬೆಳಗ್ಗೆ ಬೇಗ ಅಲ್ಲಿಗೆ ಹೋಗುತ್ತೇವೆ. ಒಂದು ಪೊಟ್ಟಣ ರಂಗೋಲಿ ಪುಡಿ, ಒಂದು ಟೇಪು. ರಸ್ತೆಗೆ ಅಡ್ಡಲಾಗಿ ಒಂದು ಗೆರೆ ಎಳೆದು, ‘ಈ ಗೆರೆಯ ಹತ್ತಿರ ನಾನು ಕೈ ಎತ್ತುತ್ತೇನೆ. ಎಲ್ಲಿ ನಿಲ್ಲುತ್ತೀಯೋ ಅಲ್ಲೊಂದು ಗೆರೆ ನೀನೇ ಮೊದಲು ಎಳೆ’ ಎನ್ನುತ್ತೇನೆ. ಹುಡುಗ ನಾಲ್ಕೈದು ಹೆಜ್ಜೆ ನಡೆದು ಬಗ್ಗಿ ಪುಡಿ ಬಿಡುತ್ತಾನೆ. ಹುಡುಗಿಯರು ಸಾಮಾನ್ಯವಾಗಿ ಇನ್ನೂ ನಾಲ್ಕು ಹೆಜ್ಜೆ ಮುಂದೆ ಹೋಗುತ್ತಾರೆ, ಅವರದ್ದೂ ಸಾಲುವುದಿಲ್ಲ. ಪಕ್ಕದ ಸೀಟಿನಲ್ಲೂ ಬ್ರೇಕ್ ಇರುವ ಡಬಲ್ ಕಂಟ್ರೋಲ್ ಕಾರು, ಆ ಸೀಟಿನಲ್ಲಿ ನಮ್ಮ ಸಹಾಯಕ. ಗಾಡಿ ಆ ಗೆರೆಯನ್ನು ಅಳಿಸಿಕೊಂಡು ಹೋಗುತ್ತದೆ, ಟಯರಿಗೆ ಬಿಳಿ ಪುಡಿ ಮೆತ್ತಿರುತ್ತದೆ. ಇದನ್ನು ನಲವತ್ತರವರೆಗೆ ಮಾತ್ರ ಮಾಡಿಸುತ್ತೇನೆ. ಅರವತ್ತರ ದೂರವನ್ನು ಟೇಪು ಹಿಡಿದು ನಡೆಸಿ ತೋರಿಸುತ್ತೇನೆ. ಇದನ್ನು ಓದಿ ಯಾರೂ ತಮ್ಮ ಬೀದಿಯಲ್ಲಿ, ಬೈಕಿನಲ್ಲಿ ಪ್ರಯೋಗ ಮಾಡಲು ಹೊರಡಬೇಡಿ.

‘ನನ್ನದರಲ್ಲಿ ಎಬಿಎಸ್ ಇದೆ’ ಎಂಬ ಉತ್ತರ ಈಗ ಹೆಚ್ಚಾಗಿದೆ. 125 ಸಿಸಿ ಮೀರಿದ ಹೊಸ ಬೈಕುಗಳಿಗೆಲ್ಲ 2019ರ ಏಪ್ರಿಲ್‌ನಿಂದ ಅದು ಕಡ್ಡಾಯವಾಗಿದೆ, ಒಳ್ಳೆಯದೇ. ಗಾಬರಿಯಲ್ಲಿ ಬಿಗಿಯಾಗಿ ಹಿಡಿದಾಗ ಚಕ್ರ ಲಾಕ್ ಆಗಿ ಜಾರದಂತೆ ಅದು ತಡೆಯುತ್ತದೆ. ಆದರೆ ನೀವು ಗಮನಿಸಿ ಬ್ರೇಕ್ ಹಿಡಿಯುವವರೆಗಿನ ಆ ಒಂದು ಸೆಕೆಂಡನ್ನು ಅದು ಉಳಿಸಿಕೊಡುವುದಿಲ್ಲ. ಇನ್ನು ಅಣ್ಣಂದಿರು ತಮ್ಮಂದಿರಿಗೆ ದಾಟಿಸುವ ಒಂದು ವಿದ್ಯೆ ಇದೆ: ‘ಮುಂದಿನ ಬ್ರೇಕ್ ಹಿಡಿದರೆ ಪಲ್ಟಿ ಹೊಡೆಯುತ್ತದೆ, ಹಿಂದಿನದನ್ನು ಮಾತ್ರ ಒತ್ತು.’ ಬೈಕ್ ನಿಲ್ಲುವಾಗ ಭಾರ ಮುಂದಕ್ಕೆ ಬೀಳುತ್ತದೆ, ನಿಲ್ಲಿಸುವ ಕೆಲಸದ ದೊಡ್ಡ ಪಾಲು ಮುಂದಿನ ಚಕ್ರದ್ದೇ. ಗಾಡಿ ನೆಟ್ಟಗಿರುವಾಗ ಎರಡನ್ನೂ ಒಟ್ಟಿಗೆ, ಮುಂದಿನದನ್ನು ಹದವಾಗಿ ಬಿಗಿ ಮಾಡುತ್ತಾ ಹಿಡಿಯಬೇಕು. ತಿರುವಿನಲ್ಲಿ, ಮರಳಿನ ಮೇಲೆ, ಮೊದಲ ಮಳೆಯಲ್ಲಿ ಬೇರೆ ಮಾತು. ಅಲ್ಲಿ ವೇಗವನ್ನೇ ಮೊದಲು ಇಳಿಸಿಕೊಂಡಿರಬೇಕು. ಚಾಮುಂಡಿ ಬೆಟ್ಟದಿಂದ ಪೆಟ್ರೋಲ್ ಉಳಿಸಲೆಂದು ನ್ಯೂಟ್ರಲ್‌ನಲ್ಲಿ ಇಳಿಯುವವರ ಬಗ್ಗೆ ಬರೆಯಲು ಹೊರಟರೆ ನನ್ನ ಭಾಷೆ ಕೆಡುತ್ತದೆ.

ರಾತ್ರಿಯ ವಿಷಯ ಮಾತ್ರ ಬಿಡಲಾರೆ. ಡಿಮ್ ಲೈಟಿನಲ್ಲಿ ಬೈಕ್ ಸವಾರನಿಗೆ ಸ್ಪಷ್ಟವಾಗಿ ಕಾಣುವುದು ಸುಮಾರು ಮೂವತ್ತು ನಲವತ್ತು ಮೀಟರ್. ಬಲ್ಬು, ಅದನ್ನು ಕೂರಿಸಿರುವ ರೀತಿ ನೋಡಿ ಹೆಚ್ಚುಕಡಿಮೆಯಾಗಬಹುದು. ಮೇಲಿನ ಲೆಕ್ಕವನ್ನು ಇದರ ಪಕ್ಕದಲ್ಲಿಡಿ. ಎಂಬತ್ತರಲ್ಲಿ ಹೋಗುವವನು ತನಗೆ ಕಾಣುವ ದೂರದಲ್ಲಿ ನಿಲ್ಲಲಾರ. ಕಬ್ಬು ಕಡಿಯುವ ಕಾಲದಲ್ಲಿ ಮಂಡ್ಯ, ಪಾಂಡವಪುರದ ಕಡೆ ಹಿಂದೆ ದೀಪವಾಗಲಿ ರಿಫ್ಲೆಕ್ಟರ್ ಆಗಲಿ ಇಲ್ಲದ ಟ್ರ್ಯಾಕ್ಟರ್ ಟ್ರೈಲರ್‌ಗಳು ನಿಂತಿರುತ್ತವೆ. ತಪ್ಪು ಟ್ರ್ಯಾಕ್ಟರಿನವನದ್ದು, ಅನುಮಾನವಿಲ್ಲ. ಆದರೆ ಅದು ಕಣ್ಣಿಗೆ ಬೀಳುವ ಹೊತ್ತಿಗೆ ನಿಮ್ಮ ಮಗನ ಕೈಯಲ್ಲಿ ಏನೂ ಉಳಿದಿರುವುದಿಲ್ಲ. ಇಷ್ಟಕ್ಕೂ ಗಳಿಸುವುದೇನು? ಐದು ಕಿಲೋಮೀಟರ್ ದೂರದ ಕಾಲೇಜಿಗೆ ಎಲ್ಲೂ ನಿಲ್ಲದೆ ನಲವತ್ತರಲ್ಲಿ ಹೋದರೆ ಏಳೂವರೆ ನಿಮಿಷ, ಅರವತ್ತರಲ್ಲಿ ಐದು. ನಡುವೆ ಎರಡು ಸಿಗ್ನಲ್ ಬಂದರೆ ಆ ಎರಡೂವರೆ ನಿಮಿಷವೂ ಅಲ್ಲಿಗೇ ಹೋಯಿತು.

ಹದಿನಾರರ ಮಕ್ಕಳಿಗೆ ‘ಟ್ಯೂಷನ್‌ಗೆ ಮಾತ್ರ’ ಎಂದು ಸ್ಕೂಟರ್ ಕೊಡುವವರಿಗೆ ಎರಡೇ ಮಾತು. ಆ ವಯಸ್ಸಿಗೆ ಸಿಗುವುದು 50 ಸಿಸಿ ಮೀರದ ಗಾಡಿಯ ಪರವಾನಗಿ ಮಾತ್ರ, ನಿಮ್ಮ ಮನೆಯ ಸ್ಕೂಟರ್ ಅದಲ್ಲ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿಯಾದ ಮೇಲೆ ಅಪ್ರಾಪ್ತರು ಹೀಗೆ ಸಿಕ್ಕಿಬಿದ್ದರೆ ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಗಾಡಿಯ ನೋಂದಣಿ ಹನ್ನೆರಡು ತಿಂಗಳು ರದ್ದು. ಮಗುವಿಗೆ ಇಪ್ಪತ್ತೈದು ತುಂಬುವವರೆಗೆ ಲೈಸೆನ್ಸ್ ಇಲ್ಲ. ವಿಮೆಯ ತೊಡಕನ್ನು ವಕೀಲರ ಬಳಿ ಕೇಳಿ, ಅದು ನನ್ನ ಕ್ಷೇತ್ರವಲ್ಲ.

ಎಲ್‌ಎಲ್‌ಆರ್‌ಗೆ, ಅಂದರೆ ಕಲಿಯುವವರ ಲೈಸೆನ್ಸಿಗೆ, ಆರು ತಿಂಗಳ ಅವಧಿ ಇದೆ. ಮೂವತ್ತು ದಿನ ಕಳೆದರೆ ಪರೀಕ್ಷೆಗೆ ಹೋಗಬಹುದು ಎಂಬುದು ನಿಯಮ. ಮೂವತ್ತೊಂದನೆಯ ದಿನ ಬೆಳಗ್ಗೆಯೇ ಹೋಗಬೇಕೆಂದು ಯಾವ ನಿಯಮವೂ ಇಲ್ಲ. ಕಾರಿಗೆ ಕನಿಷ್ಠ ಹತ್ತು ಗಂಟೆಗಳ ಚಾಲನೆ ಕಲಿಸಬೇಕೆಂದು ನಮಗೆ ಕಟ್ಟಳೆ ಇದೆ. ಅಷ್ಟರಲ್ಲಿ ಮಳೆ, ರಾತ್ರಿ, ಘಾಟಿ, ಹಳ್ಳಿಯ ಸಂತೆಯ ದಿನದ ರಸ್ತೆ ಎಲ್ಲವೂ ಸಿಗುವುದಿಲ್ಲ. ಉಳಿದ ತಿಂಗಳುಗಳಲ್ಲಿ ಲೈಸೆನ್ಸ್ ಇರುವ ಅಪ್ಪನೋ ಅಮ್ಮನೋ ಪಕ್ಕದಲ್ಲಿ ಕುಳಿತು ಇವನ್ನೆಲ್ಲ ದಾಟಿಸಿದರೆ ನನಗೆ ಶುಲ್ಕ ಬರುವುದಿಲ್ಲ, ಆದರೂ ಹಾಗೇ ಮಾಡಿ ಎನ್ನುತ್ತೇನೆ. ಕೂರುವವರು ಮೊಬೈಲ್ ಚೀಲದಲ್ಲಿ ಹಾಕಿಟ್ಟು ಕೂರಬೇಕು.

ಕಳೆದ ಬೇಸಿಗೆಯಲ್ಲಿ ಮಗಳನ್ನು ಬಿಡಲು ಬಂದ ತಂದೆಯೊಬ್ಬರು ರಂಗೋಲಿ ಆಟವನ್ನು ನೋಡುತ್ತಾ ನಿಂತಿದ್ದರು. ಮಗಳು ಗೆರೆ ದಾಟಿದಾಗ ನಕ್ಕು, ‘ಹೊಸಬಳು, ಹಾಗಾಗಿ’ ಎಂದರು. ಬಹಳ ಕಾಲದಿಂದ ಕಾರು ಓಡಿಸುವವರು. ತಮ್ಮ ಗಾಡಿಯಲ್ಲಿ ತಾವೇ ಮಾಡಿ ತೋರಿಸುವುದಾಗಿ ಹೊರಟು, ಮಗಳ ಗೆರೆಗಿಂತ ಒಂದು ಹೆಜ್ಜೆ ಹಿಂದೆಯೇ ತಮ್ಮ ಗೆರೆ ಎಳೆದರು. ಅದನ್ನು ದಾಟಿ ಎಷ್ಟೋ ಮುಂದೆ ಹೋಗಿ ನಿಂತರು. ಇನ್ನೊಂದು ಸಲ ಎಂದರು. ಎರಡನೆಯ ಸಲ ಇನ್ನೂ ಅರ್ಧ ಮೀಟರ್ ಹೆಚ್ಚಾಯಿತು. ಇಳಿದು ಬಂದವರೇ ‘ಟಯರ್ ಸರಿಯಿಲ್ಲ ಅನ್ನಿಸುತ್ತದೆ’ ಎಂದರು. ಮಗಳು ಮುಖ ತಿರುಗಿಸಿಕೊಂಡು ನಗು ತಡೆಯುತ್ತಿದ್ದಳು. ನಾನು ಬಗ್ಗಿ ನೋಡಿದೆ. ಮುಂದಿನ ಎರಡೂ ಟಯರ್ ನಿಜಕ್ಕೂ ಸವೆದು ನುಣ್ಣಗಾಗಿದ್ದವು. ಅವನ್ನು ಬದಲಾಯಿಸುವವರೆಗೆ ಮಗಳಿಗೆ ಆ ಕಾರು ಕೊಡಬೇಡಿ, ನೀವೂ ಹೆದ್ದಾರಿಗೆ ಹೋಗಬೇಡಿ ಎಂದು ಹೇಳಿ ಕಳಿಸಿದೆ.