‘ರೋಡ್ ಟೈರ್’ ಅಂದ್ರೆ ಯಾವ ಟೈರ್?

ಶಿವಮೊಗ್ಗ ಸುತ್ತಮುತ್ತ ನಡೆಯುವ ಹವ್ಯಾಸಿ ಆಟೋಕ್ರಾಸ್‌ಗಳಲ್ಲಿ, ಅಂದ್ರೆ ಮಣ್ಣಿನ ಟ್ರ್ಯಾಕಲ್ಲಿ ಟೈಮ್ ನೋಡಿ ಗೆಲುವು ಹೇಳುವ ಕಾರ್ ರೇಸ್‌ಗಳಲ್ಲಿ, ಕಾರು ತಪಾಸಣೆ ನನ್ನ ಕೆಲಸ. ಎಂಜಿನ್ ಬಗ್ಗೆ ತಕರಾರು ಬರೋದು ಅಪರೂಪ. ಬರೋದೆಲ್ಲ ಟೈರಿನದ್ದೇ.

ಅದಕ್ಕೆ ನಮ್ಮ ಕೆಮ್ಮಣ್ಣೇ ಕಾರಣ. ಬೆಳಗ್ಗೆ ಇಬ್ಬನಿಗೆ ನೆಲ ಜಾರುತ್ತದೆ. ಬಿಸಿಲು ಏರಿದ ಮೇಲೆ ಅಲ್ಲೇ ಪಾದ ಮುಳುಗುವಷ್ಟು ಧೂಳು. ಮಧ್ಯಾಹ್ನದ ಹೊತ್ತಿಗೆ ಧೂಳೆಲ್ಲ ಹಾರಿ, ಅಡಿಯ ಗಟ್ಟಿ ನೆಲ ಎದ್ದು ಬರುತ್ತದೆ. ಒಂದೇ ಎಂಜಿನ್‌ನ ಎರಡು ಕಾರುಗಳ ನಡುವೆ ಟೈರೇ ಗೆಲುವು ತೀರ್ಮಾನಿಸಿಬಿಡುತ್ತದೆ.

ಒಂದು ಸ್ಪರ್ಧೆಯಲ್ಲಿ ನಿಯಮ ಒಂದೇ ಸಾಲು: ‘ರೋಡ್ ಟೈರ್ ಮಾತ್ರ.’ ತೀರ್ಥಹಳ್ಳಿ ಕಡೆಯ ಹುಡುಗನೊಬ್ಬ ದುಡ್ಡು ಕೂಡಿಟ್ಟು ನಾಲ್ಕು ಹೊಸ ಟೈರ್ ಹಾಕಿಸಿಕೊಂಡು ಬಂದಿದ್ದ. ದಪ್ಪ ಬಟನ್ (ನೆಲ ಹಿಡಿಯುವ ರಬ್ಬರ್ ಉಬ್ಬು) ಇದ್ದವು. ಪಕ್ಕದಲ್ಲಿ ಐಎಸ್‌ಐ ಗುರುತೂ, ಕಾರಿನ ಟೈರಿಗೆ ಇರುವ ಐಎಸ್ 15633 ಸಂಖ್ಯೆಯೂ ಅಚ್ಚಾಗಿತ್ತು. ಎದುರಾಳಿ ಬಂದು, “ಇದು ರ‍್ಯಾಲಿ ಟೈರ್ ಸಾರ್” ಅಂದ. ಹುಡುಗ, “ಸಾರ್, ಇದೇ ಟೈರಲ್ಲಿ ಮನೆಯಿಂದ ಓಡಿಸ್ಕೊಂಡು ಬಂದಿದೀನಿ” ಅಂದ. ಆಯೋಜಕರು ಅವನ ಟೈಮಿಂಗ್ ರದ್ದು ಮಾಡಿದರು. ಆ ಹಾಳೆಗೆ ನಾನೂ ಸಹಿ ಹಾಕಿದೆ. ಹಾಕಬಾರದಿತ್ತು. ಅವನು ಯಾವ ನಿಯಮ ಮುರಿದ ಅಂತ ತೋರಿಸೋಕೆ ನನ್ನ ಹತ್ತಿರ ಏನೂ ಇರಲಿಲ್ಲ.

‘ಟ್ರೆಡ್‌ವೇರ್ 200ಕ್ಕಿಂತ ಕಡಿಮೆ ಇರಬಾರದು ಅಂತ ಬರೆದರಾಯ್ತು’ ಅನ್ನುವವರಿದ್ದಾರೆ. ಟ್ರೆಡ್‌ವೇರ್ ಅಂದ್ರೆ ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಸವೆತದ ಸಂಖ್ಯೆ; ಕಡಿಮೆ ಇದ್ದಷ್ಟೂ ಟೈರ್ ಬೇಗ ಸವೆಯುತ್ತದೆ. ಅಮೆರಿಕದ ಹವ್ಯಾಸಿ ರೇಸ್‌ಗಳಲ್ಲಿ ಈ ನಿಯಮ ಇದೆ. ಆದರೆ ಆ ಸಂಖ್ಯೆ ಹೇಳೋದು ಸವೆತದ ಬಗ್ಗೆ, ಗ್ರಿಪ್ ಬಗ್ಗೆ ಅಲ್ಲ. ಒಂದು ಮಾದರಿ ಟೈರಿಗೆ 100 ಅಂತ ಇಟ್ಟುಕೊಂಡು, ಸುಮಾರು 11,500 ಕಿ.ಮೀ. ಓಡಿಸಿ ಹೋಲಿಸುತ್ತಾರೆ. ಕೊನೆಗೆ ಸಂಖ್ಯೆ ಕೊಡೋದು ಕಂಪನಿಯೇ. ಹಾಗಾಗಿ ಒಂದೇ 200 ಬರೆದಿದ್ದರೂ ಒಂದು ಟೈರ್ ಗಮ್‌ನಂತೆ ಹಿಡಿಯುತ್ತದೆ, ಇನ್ನೊಂದು ಹಿಡಿಯೋದಿಲ್ಲ. ಮಣ್ಣಿನ ಟ್ರ್ಯಾಕಲ್ಲಂತೂ ಬಟನ್ ಹೇಗಿದೆ ಅನ್ನೋದೇ ಮುಖ್ಯ, ಅಲ್ವಾ?

ಹಾಗಾಗಿ ಒಪ್ಪುವ ಟೈರ್‌ಗಳ ಕಂಪನಿ, ಮಾಡೆಲ್, ಸೈಜ್ ಬರೆದ ಪಟ್ಟಿ ಬೇಕು. ಬಟನ್‌ಗಳ ನಡುವಿನ ಗ್ರೂವ್ (ಗೀರು) ಎಷ್ಟು ಆಳ ಇರಬೇಕು ಅನ್ನೋದನ್ನು ಮಿಲಿಮೀಟರಿನಲ್ಲಿ ಹೇಳಬೇಕು. ಟೈರಿನ ಪಕ್ಕದಲ್ಲಿ ‘DOT’ ಅಂತ ಶುರುವಾಗುವ ಕೋಡ್‌ನ ಕೊನೆಯ ನಾಲ್ಕು ಅಂಕಿ ನೋಡಿದರೆ ಟೈರಿನ ವಯಸ್ಸು ಗೊತ್ತಾಗುತ್ತದೆ. 2324 ಅಂದರೆ 2024ರ 23ನೇ ವಾರ.

ಬ್ಲೇಡ್ ಹಿಡಿದು ಹೊಸ ಗ್ರೂವ್ ಕೊಯ್ಯೋದನ್ನು ಮಾತ್ರ ಪೂರ್ತಿ ನಿಲ್ಲಿಸಲೇಬೇಕು. ಕಾರಿನ ಟೈರಿನಲ್ಲಿ ಗ್ರೂವಿನ ಕೆಳಗೆ ಉಳಿಯುವ ರಬ್ಬರ್ ತೆಳು. ಜಾಸ್ತಿ ಕೊಯ್ದರೆ ಒಳಗಿನ ತಂತಿ ಸಿಗುತ್ತದೆ. ಹಾಗೆ ಕೊಯ್ದ ಟೈರೊಂದನ್ನು ಉಗುರಿನಿಂದ ಕೆರೆದು ನೋಡಿದ್ದೇನೆ. ಉಗುರಿಗೆ ತಂತಿ ಚುಚ್ಚಿತು. ಆ ಕಾರನ್ನು ಟ್ರ್ಯಾಕಿಗೆ ಬಿಡಲಿಲ್ಲ, ಯಾರೆಷ್ಟು ಕೂಗಾಡಿದರೂ.

ಈಗ ನಾನು ತಪಾಸಣೆಗೆ ಒಪ್ಪುವ ಮೊದಲು ಆಯೋಜಕರ ಹತ್ತಿರ ಒಂದೇ ಮಾತು ಕೇಳುತ್ತೇನೆ: ಎಂಟ್ರಿ ಫೀ ತಗೊಳ್ಳುವ ಮುಂಚೆ ಟೈರ್ ಪಟ್ಟಿ ಕೊಡ್ತೀರಾ? ಇಲ್ಲ ಅಂದರೆ ನಾನು ಹೋಗೋದಿಲ್ಲ.