ಎಕ್ಸ್‌ಟೆನ್ಷನ್ ಹಾಕಿದ್ದಾಯ್ತು, ಅದರ ಸೆಟ್ಟಿಂಗ್ ಎಲ್ಲಿ?

ಪತ್ರ, ಲೆಕ್ಕದ ಹಾಳೆ ಎಲ್ಲ ಮಾಡುವ ಲಿಬ್ರೆಆಫೀಸ್ ಅನ್ನೋ ತಂತ್ರಾಂಶಕ್ಕೆ ಎಕ್ಸ್‌ಟೆನ್ಷನ್, ಅಂದರೆ ಹೆಚ್ಚಿನ ಸೌಲಭ್ಯ ಕೊಡುವ ಪುಟ್ಟ ಪ್ರೋಗ್ರಾಮ್, ಹಾಕುವುದು ಎರಡು ನಿಮಿಷದ ಕೆಲಸ. ಅದರ ಸೆಟ್ಟಿಂಗ್ ಹುಡುಕುವುದಕ್ಕೆ ಅರ್ಧ ಗಂಟೆ ಹಿಡಿಯಬಹುದು. ಟೂಲ್ಸ್ ಮೆನುವಿನ ಆಪ್ಷನ್ಸ್‌ನಲ್ಲಿ ಇರಬಹುದು, ಎಕ್ಸ್‌ಟೆನ್ಷನ್ ಮ್ಯಾನೇಜರ್‌ನಲ್ಲಿ ಇರಬಹುದು. ಆಡ್-ಆನ್ಸ್ ಅನ್ನೋ ಒಳಮೆನುವಿನಲ್ಲಿ ಸೇರಿಕೊಂಡಿರಬಹುದು. ಇಲ್ಲವೇ ಮೇಲ್ಗಡೆ ಹೊಸ ಮೆನುವೇ ಬಂದು ಕೂತಿರಬಹುದು.

ಇದಕ್ಕೆ ಕಾರಣ ಹಳೆಯದು. ಲಿಬ್ರೆಆಫೀಸ್‌ನ ಮೂಲವಾದ ಸ್ಟಾರ್‌ಆಫೀಸನ್ನು ಸನ್ ಮೈಕ್ರೋಸಿಸ್ಟಮ್ಸ್ ಕಂಪನಿ 1999ರಲ್ಲಿ ಕೊಂಡಿತು, 2000ದಲ್ಲಿ ಅದರ ಕೋಡ್ ಓಪನ್‌ಆಫೀಸ್ ಆಗಿ ಎಲ್ಲರ ಕೈಗೆ ಬಂತು, 2010ರಲ್ಲಿ ಅದರಿಂದ ಲಿಬ್ರೆಆಫೀಸ್ ಬೇರೆಯಾಯಿತು. ಗೋಜಲು ಶುರುವಾದದ್ದು ನಡುವಿನ ಆ ಹತ್ತು ವರ್ಷದಲ್ಲಿ.

ಮೊದಮೊದಲು ಹೊರಗಿನವರು ಬರೆದ ಪ್ರೋಗ್ರಾಮ್ ತುಣುಕು ಮುಖ್ಯವಾಗಿ ಮೆನುವಿಗೆ ತನ್ನ ಸಾಲು ಸೇರಿಸುತ್ತಿತ್ತು. ಹಾಗಾಗಿ ಸೆಟ್ಟಿಂಗನ್ನೂ ಅಲ್ಲೇ ಇಟ್ಟರು. ಆಮೇಲೆ ಆಪ್ಷನ್ಸ್‌ನ ಎಡಗಡೆಯ ಪಟ್ಟಿಗೆ ತಮ್ಮದೇ ಪುಟ ಸೇರಿಸುವ ಅವಕಾಶ ಬಂತು. ಅದೇ ಪುಟವನ್ನು ಎಕ್ಸ್‌ಟೆನ್ಷನ್ ಮ್ಯಾನೇಜರ್‌ನ ಆಪ್ಷನ್ಸ್ ಬಟನ್ ಒತ್ತಿಯೂ ತೆರೆಯಬಹುದು. ಹಳೆಯ ದಾರಿ ಮುಚ್ಚಲಿಲ್ಲ. ಮುಚ್ಚಿದ್ದರೆ ಹಳೆಯ ಎಕ್ಸ್‌ಟೆನ್ಷನ್‌ಗಳು ಕೆಟ್ಟು ನಿಲ್ಲುತ್ತಿದ್ದವು. ಜೊತೆಗೆ ಇನ್ನೊಂದು ತೊಡಕು: ಆಪ್ಷನ್ಸ್‌ನಲ್ಲಿ ರೈಟರ್‌ನ (ಬರಹಕ್ಕಿರುವ ಭಾಗ) ವಿಭಾಗ ಬಹುಕಾಲ ರೈಟರ್ ತೆರೆದಿದ್ದಾಗ ಮಾತ್ರ ಕಾಣುತ್ತಿತ್ತು. ಲೆಕ್ಕದ ಹಾಳೆಯ ಕ್ಯಾಲ್ಕ್‌ನಲ್ಲಿ ಕೂತು ಹುಡುಕಿದವರಿಗೆ ಅದು ಸಿಗುವುದಾದರೂ ಹೇಗೆ?

ಇದರ ಬಿಸಿ ಕನ್ನಡ ಬರೆಯುವವರಿಗೂ ತಟ್ಟಿದೆ. ಸ್ಪೆಲ್‌ಚೆಕ್‌ನ ಕನ್ನಡ ಪದಪಟ್ಟಿಯನ್ನು ಎಕ್ಸ್‌ಟೆನ್ಷನ್ ಆಗಿ ಹಾಕಿಕೊಳ್ಳುತ್ತೇವೆ. ಮ್ಯಾನೇಜರ್‌ನಲ್ಲಿ ಅದರ ಹೆಸರು ಕಾಣುತ್ತದೆ, ಸರಿ. ಆದರೆ ಆಪ್ಷನ್ಸ್‌ನ ಭಾಷೆಯ ವಿಭಾಗದಲ್ಲಿ ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್‌ಗೆ (ಕನ್ನಡದಂಥ ಲಿಪಿಗಳಿಗಿರುವ ಆಯ್ಕೆ) ಟಿಕ್ ಹಾಕಿ ಕನ್ನಡ ಆರಿಸಬೇಕು. ಟೈಪ್ ಮಾಡುವಾಗಲೇ ತಪ್ಪು ತೋರಿಸಬೇಕೋ ಬೇಡವೋ ಅನ್ನೋದು ರೈಟಿಂಗ್ ಏಡ್ಸ್ ಪುಟದಲ್ಲಿದೆ. ಕನ್ನಡಕ್ಕೆ ಯಾವ ಫಾಂಟ್ ಅನ್ನೋದು ರೈಟರ್ ವಿಭಾಗದಲ್ಲಿದೆ. ಈ ಸೆಟ್ಟಿಂಗ್‌ಗಳಲ್ಲಿ ಒಂದೂ ಪದಪಟ್ಟಿ ಹಾಕಿದ ಜಾಗದಲ್ಲಿ ಇಲ್ಲ. ಇದು ಗೊತ್ತಾಗದೆ, ಪಟ್ಟಿ ಕೆಲಸವೇ ಮಾಡ್ತಿಲ್ಲ ಅಂತ ತೆಗೆದು ಹಾಕಿದವರನ್ನು ನೋಡಿದ್ದೇನೆ. ಪಟ್ಟಿ ಚೆನ್ನಾಗಿಯೇ ಇತ್ತು.

ಮೈಕ್ರೋಸಾಫ್ಟ್ ಕಡೆಯೂ ಇಂಥದ್ದೇ ಕಥೆ. ಅವರ ಇಮೇಲ್ ಪ್ರೋಗ್ರಾಮ್ ಔಟ್‌ಲುಕ್‌ನಲ್ಲಿ ಆಡ್-ಇನ್‌ಗಳು (ಅಲ್ಲಿನ ಎಕ್ಸ್‌ಟೆನ್ಷನ್‌ಗಳು) ಮೊದಲು ಆಪ್ಷನ್ಸ್ ಕಿಟಕಿಯಲ್ಲೇ ತಮ್ಮ ಟ್ಯಾಬ್ ಇಡುತ್ತಿದ್ದವು. 2010ರ ಆವೃತ್ತಿಯಲ್ಲಿ ಅವೆಲ್ಲ ಆಡ್-ಇನ್ ಆಪ್ಷನ್ಸ್ ಅನ್ನೋ ಬಟನ್ ಹಿಂದೆ ಹೋದವು.

ಎರಡು ವಾದಗಳಿವೆ. ಹೊರಗಿಂದ ಬಂದದ್ದರ ಸೆಟ್ಟಿಂಗ್ ಅದನ್ನು ಹಾಕಿದ ಜಾಗದಲ್ಲೇ ಇರಲಿ, ತೆಗೆಯುವಾಗ ಎಲ್ಲವೂ ಒಟ್ಟಿಗೆ ಹೋಗಲಿ ಅನ್ನೋದು ಒಂದು. ಕೆಲಸಕ್ಕೆ ಸಂಬಂಧಪಟ್ಟ ಕಡೆ ಇರಲಿ ಅನ್ನೋದು ಇನ್ನೊಂದು. ಮೊದಲನೆಯದರಲ್ಲಿ ಪ್ರೋಗ್ರಾಮ್ ಬರೆಯುವವರ ಲೆಕ್ಕಾಚಾರ ಜಾಸ್ತಿ ಕಾಣುತ್ತದೆ. ವರ್ಷದ ಹಿಂದೆ ಏನನ್ನು ಎಲ್ಲಿಂದ ಹಾಕಿಕೊಂಡೆವು ಅಂತ ಬಳಸುವವರಿಗೆ ನೆನಪಿರುವುದಿಲ್ಲ, ಅಲ್ವಾ? 2022ರಲ್ಲಿ ಬಂದ 7.4 ಆವೃತ್ತಿಯಲ್ಲಿ, ವ್ಯಾಕರಣ ಪರೀಕ್ಷಿಸುವ ಲ್ಯಾಂಗ್ವೇಜ್‌ಟೂಲ್ ಅನ್ನೋ ಸೇವೆಯ ಸರ್ವರ್‌ನಿಂದ ವ್ಯಾಕರಣ ನೋಡಿಸುವ ಸೌಲಭ್ಯ ಲಿಬ್ರೆಆಫೀಸ್ ಒಳಗೇ ಸೇರಿತು. ಆಗ ಅದರ ಪುಟ ಇಟ್ಟದ್ದು ಆಪ್ಷನ್ಸ್‌ನ ಭಾಷೆಯ ವಿಭಾಗದಲ್ಲಿ. ಕಾಗುಣಿತದ ತಪ್ಪಿಗೆ ಅಲ್ಲಿಗೆ ಹೋಗುವವರು ವ್ಯಾಕರಣಕ್ಕೂ ಅಲ್ಲಿಗೇ ಹೋಗುತ್ತಾರೆ.

2024ರಲ್ಲಿ 24.2 ಆವೃತ್ತಿ ಬಂದಾಗ ಆಪ್ಷನ್ಸ್‌ಗೆ ಹುಡುಕುವ ಪೆಟ್ಟಿಗೆಯೂ ಸೇರಿತು. ಇದು ನಿಜಕ್ಕೂ ದೊಡ್ಡ ಉಪಕಾರ. ಆದರೆ ಮೆನುವಿನಲ್ಲಿ ಮಾತ್ರ ಸೆಟ್ಟಿಂಗ್ ಇಟ್ಟಿರುವ ಎಕ್ಸ್‌ಟೆನ್ಷನ್‌ಗಳಿಗೆ ಆಪ್ಷನ್ಸ್‌ನಲ್ಲಿ ಪುಟವೇ ಇಲ್ಲ. ಅವುಗಳ ಸೆಟ್ಟಿಂಗ್ ಬೇಕಾದರೆ ಈಗಲೂ ಒಂದೊಂದೇ ಮೆನು ತೆರೆದು ನೋಡಬೇಕು.