ಹಳದಿ ಹೂವನ್ನು ಬಿಟ್ಟು ಕಾಂಡ ನೋಡಿ

ಜುಲೈ ಬಂತೆಂದರೆ ಅಮೆರಿಕದ ಇಲಿನಾಯ್‌ನ ಪ್ರೇರಿ ಹುಲ್ಲುಗಾವಲುಗಳಲ್ಲಿ ಆಳೆತ್ತರ ಮೀರಿದ ಹಳದಿ ಹೂಗಳದ್ದೇ ಕಾರುಬಾರು. ನೋಡಿದವರೆಲ್ಲ ಸೂರ್ಯಕಾಂತಿ ಎಂದುಬಿಡುತ್ತಾರೆ. ಅವುಗಳಲ್ಲಿ ಬಹಳಷ್ಟು ಅದೇ ಕುಟುಂಬದ ಬೇರೊಂದು ಕುಲ, ಸಿಲ್ಫಿಯಂ. ಗುರುತಿಸಿಕೊಡಿ ಎಂದು ನನ್ನ ಮೊಬೈಲ್‌ಗೆ ಬರುವ ಚಿತ್ರಗಳಲ್ಲಿ ಹೂವಿನ ಮುಖವೊಂದೇ ಇರುತ್ತದೆ. ಎಲೆ ಕಾಂಡಕ್ಕೆ ಸೇರುವ ಜಾಗ ಕಾಣದೆ ನಾನು ಜಾತಿ ಹೇಳುವುದಿಲ್ಲ.

ಮೊದಲು ಸೂರ್ಯಕಾಂತಿಯನ್ನು ಬೇರ್ಪಡಿಸಿಕೊಳ್ಳೋಣ. ಬಾಡಿದ ಹೂವೊಂದನ್ನು ಬೆರಳಿನಿಂದ ಬಿಡಿಸಿ. ಸೂರ್ಯಕಾಂತಿಯಲ್ಲಿ ಬೀಜ ಕಟ್ಟುವುದು ನಡುವಿನ ಕಿರುಹೂಗಳಲ್ಲಿ. ಅಂಚಿನ ಎಸಳುಗಳು ದುಂಬಿ, ಜೇನುಗಳನ್ನು ಕರೆಯಲು ಮಾತ್ರ. ಸಿಲ್ಫಿಯಂನಲ್ಲಿ ಇದು ತಿರುಗುಮುರುಗು. ನಡುವಿನವು ಜೊಳ್ಳಾಗುತ್ತವೆ, ಅಂಚಿನ ಒಂದೊಂದು ಎಸಳಿನ ಬುಡದಲ್ಲಿ ಚಪ್ಪಟೆ ಬೀಜ ಬಲಿಯುತ್ತದೆ. ಬಿತ್ತನೆಗೆಂದು ಬೀಜ ಆರಿಸಲು ಬಂದು, ಇದು ತಿಳಿಯದೆ ನಡುವನ್ನೇ ಕೆದಕುವವರ ಚೀಲದಲ್ಲಿ ಸಂಜೆಗೆ ಉಳಿಯುವುದು ಹೊಟ್ಟು.

ಇಲ್ಲಿ ಸಾಮಾನ್ಯವಾಗಿ ಸಿಗುವ ನಾಲ್ಕರಲ್ಲಿ ಕಪ್ ಪ್ಲಾಂಟ್ ಸುಲಭ. ಕಾಂಡ ಚೌಕ, ಎದುರುಬದುರಿನ ಎರಡು ಎಲೆಗಳ ಬುಡ ಕೂಡಿಕೊಂಡು ಕಾಂಡದ ಸುತ್ತ ದೊನ್ನೆಯಂತಾಗಿ, ಮಳೆ ಬಂದಾಗ ನೀರು ಹಿಡಿದಿಡುತ್ತದೆ. ರೋಸಿನ್‌ವೀಡ್‌ನ ಎಲೆಗಳೂ ತೊಟ್ಟಿಲ್ಲದೆ ಎದುರುಬದುರು ಕೂರುತ್ತವೆ, ಆದರೆ ಒಂದಕ್ಕೊಂದು ಬೆಸೆಯುವುದಿಲ್ಲ. ಅದರ ಕಾಂಡ ದುಂಡು, ಗಿಡವೂ ಗಿಡ್ಡ.

ಉಳಿದ ಎರಡರ ದೊಡ್ಡ ಎಲೆಗಳು ನೆಲಮಟ್ಟದಲ್ಲಿಯೇ ಹೊರಡುತ್ತವೆ. ಕಂಪಾಸ್ ಪ್ಲಾಂಟ್‌ನ ಎಲೆ ನಡುನರದವರೆಗೂ ಆಳವಾಗಿ ಸೀಳಿರುತ್ತದೆ. ಹೂಗಾಂಡದ ತುಂಬ ಬಿರುಸು ರೋಮ, ಮೇಲಕ್ಕೆ ಹೋದಂತೆ ಕಿರಿದಾಗುವ ಎಲೆಗಳು. ಪ್ರೇರಿ ಡಾಕ್‌ನದು ಸೀಳಿಲ್ಲದ, ಅಗಲವಾದ, ಸವರಿದರೆ ಕೈಗೆ ಒರಟಾಗಿ ಹತ್ತುವ ಎಲೆ. ಹೂಗಾಂಡ ನುಣ್ಣಗೆ, ಹೆಚ್ಚುಕಡಿಮೆ ಬೋಳು. ದಿಕ್ಸೂಚಿಯ ಹೆಸರಿದೆಯೆಂದು ದಿಕ್ಕು ನೋಡಿ ತೀರ್ಮಾನಿಸಬೇಡಿ. ಎಲೆಯ ಅಂಚನ್ನು ಉತ್ತರ-ದಕ್ಷಿಣಕ್ಕೆ ಚಾಚಿ, ಮುಖವನ್ನು ಪೂರ್ವ-ಪಶ್ಚಿಮಕ್ಕೆ ಒಡ್ಡಿ ನಿಲ್ಲುವುದರಲ್ಲಿ ಕಂಪಾಸ್ ಪ್ಲಾಂಟ್ ಹೆಸರುವಾಸಿ ನಿಜ. ಬೆಳಗಿನ ಬಿಸಿಲು ದಕ್ಕುತ್ತದೆ, ನಡುಹಗಲಿನ ಉರಿ ತಪ್ಪುತ್ತದೆ, ನೀರು ಉಳಿಯುತ್ತದೆ. ಪ್ರೇರಿ ಡಾಕ್ ಕೂಡ ಅದೇ ಉಪಾಯ ಮಾಡುತ್ತದೆ. ಇವೆರಡನ್ನೂ ನೋಡಬೇಕೆನ್ನುವವರಿಗೆ ಷಿಕಾಗೊ ಬಳಿಯ ಲೈಲ್‌ನಲ್ಲಿರುವ ಮಾರ್ಟನ್ ಆರ್ಬೊರೇಟಂ ಎಂಬ ಸಸ್ಯೋದ್ಯಾನಕ್ಕೆ ಹೋಗಲು ಹೇಳುತ್ತೇನೆ. ಅಲ್ಲಿ 1962ರಿಂದ ಬೆಳೆಸಿಕೊಂಡು ಬಂದ ಶುಲೆನ್‌ಬರ್ಗ್ ಪ್ರೇರಿ ಇದೆ.

ಇಷ್ಟು ತಲೆಕೆಡಿಸಿಕೊಳ್ಳಬೇಕೇ ಎಂದು ಕೇಳುವವರಿದ್ದಾರೆ. ಇಲಿನಾಯ್‌ನ ಮೂಲ ಪ್ರೇರಿಯಲ್ಲಿ ಒಳ್ಳೆಯ ಸ್ಥಿತಿಯಲ್ಲಿ ಉಳಿದಿರುವುದು ಶೇಕಡ 0.01ರ ಆಸುಪಾಸು. ಕಳೆದುಹೋದದ್ದನ್ನು ಬೀಜ ಬಿತ್ತಿಯೇ ಮತ್ತೆ ಕಟ್ಟಬೇಕು, ತೇವದ ನೆಲದಲ್ಲಿ ಕಪ್ ಪ್ಲಾಂಟ್ ಬೀಜ ತುಸು ಹೆಚ್ಚಾಗಿ ಬೆರೆತರೂ ಅದು ಮಿಕ್ಕವನ್ನು ಒತ್ತರಿಸಿ ಹಬ್ಬುತ್ತದೆ.

ಕಂಪಾಸ್ ಪ್ಲಾಂಟ್ ಮತ್ತು ಪ್ರೇರಿ ಡಾಕ್ ಅಕ್ಕಪಕ್ಕ ಬೆಳೆದಲ್ಲಿ ಮಿಶ್ರತಳಿಯೂ ಹುಟ್ಟುತ್ತದೆ: ಎಲೆ ಅಗಲ, ಅಂಚಿನಲ್ಲಿ ಅರೆಬರೆ ಸೀಳು. ಅದನ್ನು ಎಳೆದಾಡಿ ಒಂದು ಜಾತಿಗೆ ಸೇರಿಸಬೇಡಿ. ಮಿಶ್ರತಳಿ ಎಂದೇ ಬರೆದುಕೊಳ್ಳಿ; ಬೀಜವನ್ನು ಮಾತ್ರ ಚೀಲಕ್ಕೆ ಹಾಕಬೇಡಿ.